ಪೆಡಲ್‌ನ ದೀಪ ಮಿನುಗಬೇಕು, ಆಂಪ್ ‘ಟಿಕ್’ ಅನ್ನಬಾರದು

ಪ್ರಶ್ನೆ: ಮನೆಯಲ್ಲೇ ಎರಡು ಗಿಟಾರ್ ಪೆಡಲ್ ಮಾಡಿಕೊಂಡಿದ್ದೇನೆ. ಒಂದು ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವುದು), ಇನ್ನೊಂದು ಟ್ರೆಮೊಲೊ (ಸದ್ದಿನ ಮಟ್ಟವನ್ನು ಒಂದೇ ವೇಗದಲ್ಲಿ ಏರಿಳಿಸುವುದು). ಎರಡೂ 9 ವೋಲ್ಟ್‌ನಲ್ಲಿ ನಡೆಯುತ್ತವೆ. ಆನ್ ಆದಾಗ ಸುಮ್ನೆ ಉರಿಯುವ ಎಲ್‌ಇಡಿಗಿಂತ ಮಿನುಗುವ ದೀಪ ಇದ್ದರೆ ಚೆಂದ ಅನ್ನಿಸಿ, ಡಿಸ್ಟಾರ್ಷನ್‌ಗೆ 555 ಅನ್ನುವ ಟೈಮರ್ ಐಸಿ ಹಾಕಿದೆ. ದೀಪ ಚೆನ್ನಾಗಿಯೇ ಮಿನುಗುತ್ತದೆ. ಆದರೆ ಮಿನುಗಿದಾಗಲೆಲ್ಲ ಆಂಪ್‌ನಲ್ಲಿ ‘ಟಿಕ್’ ಅಂತ ಸದ್ದು. ಗೇನ್ (ವರ್ಧನೆ) ಏರಿಸಿದಷ್ಟೂ ಜಾಸ್ತಿ. ಇದನ್ನು ನಿಲ್ಲಿಸುವುದು ಹೇಗೆ? ಟ್ರೆಮೊಲೊದಲ್ಲಿ ದೀಪ ಅದರ ವೇಗಕ್ಕೆ ಸರಿಯಾಗಿ ಮಿನುಗಬೇಕೆಂದರೆ ತಂತಿ ಎಲ್ಲಿಂದ ತೆಗೆಯಬೇಕು?

ಉತ್ತರ: ಮೊದಲು ಆ ‘ಟಿಕ್’ ಏನು ಅಂತ ನೋಡೋಣ. ಅದು ಗೊತ್ತಾದರೆ ನಿಮ್ಮ ಎರಡೂ ಪ್ರಶ್ನೆಗೆ ಒಂದೇ ಸರ್ಕ್ಯೂಟ್‌ನಲ್ಲಿ ಉತ್ತರ ಸಿಗುತ್ತದೆ.

ನಿಮ್ಮ ದೀಪ ಸೆಕೆಂಡಿಗೆ ಎರಡು ಸಲ ಮಿನುಗುತ್ತದೆ ಅಂದುಕೊಳ್ಳಿ. ಅಂದರೆ 2 ಹರ್ಟ್ಸ್. ನಮ್ಮ ಕಿವಿಗೆ 20 ಹರ್ಟ್ಸ್‌ಗಿಂತ ಕೆಳಗಿನದು ಕೇಳಿಸುವುದೇ ಇಲ್ಲ. ಹಾಗಾದರೆ ಕೇಳಿಸುತ್ತಿರುವುದು ಏನು? ದೀಪ ಹತ್ತುವ ಮತ್ತು ಆರುವ ಆ ಕ್ಷಣ. 555ರ ಔಟ್‌ಪುಟ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಸೊನ್ನೆಯಿಂದ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತದಲ್ಲಿ ಕಿವಿಗೆ ಕೇಳುವ ಎಲ್ಲಾ ಆವರ್ತನಗಳೂ ಇರುತ್ತವೆ. ದೀಪ ನಿಧಾನವಾಗಿ ಏರಿ ನಿಧಾನವಾಗಿ ಇಳಿದರೆ, ಅದೇ 2 ಹರ್ಟ್ಸ್‌ನಲ್ಲಿ ಮಿನುಗಿದರೂ ಸದ್ದು ಬರುವುದಿಲ್ಲ. ಇಡೀ ಉಪಾಯ ಇರುವುದು ಇಲ್ಲೇ: ಜಿಗಿತ ಬೇಡ, ಏರಿಳಿತ ಇರಲಿ.

ಇಷ್ಟು ಚಿಕ್ಕ ದೀಪ ಅಷ್ಟು ಸದ್ದು ಮಾಡುವುದು ಹೇಗೆ ಅಂತ ಅನ್ನಿಸಬಹುದು. ಒಂದು ಲೆಕ್ಕ ಹಾಕಿ ನೋಡಿ. ಅನೇಕ 555 ನಕ್ಷೆಗಳಲ್ಲಿ ಎಲ್‌ಇಡಿಗೆ 470 ಓಮ್ ರೆಸಿಸ್ಟರ್ ಇರುತ್ತದೆ. 9 ವೋಲ್ಟ್‌ನಲ್ಲಿ ಅದು ಸುಮಾರು 10 ಮಿಲಿಆಂಪ್ ಎಳೆಯುತ್ತದೆ. ದೀಪಕ್ಕೂ ಆಡಿಯೋ ಭಾಗಕ್ಕೂ ಗ್ರೌಂಡ್ ತಂತಿ ಒಂದೇ ಆಗಿದ್ದು, ಆ ತಂತಿ ಮತ್ತು ಅದರ ಬೆಸುಗೆಗಳಲ್ಲಿ 0.1 ಓಮ್ ತಡೆ ಇದೆ ಅನ್ನಿ. 10 ಮಿಲಿಆಂಪ್ ಹರಿದಾಗ ಅಲ್ಲಿ 1 ಮಿಲಿವೋಲ್ಟ್ ಏಳುತ್ತದೆ. ಡಿಸ್ಟಾರ್ಷನ್ ಪೆಡಲ್ 100 ಪಟ್ಟು ವರ್ಧಿಸುವುದು ದೊಡ್ಡ ವಿಷಯವೇ ಅಲ್ಲ. 1 ಮಿಲಿವೋಲ್ಟ್ 100 ಮಿಲಿವೋಲ್ಟ್ ಆಯಿತು. ಗಿಟಾರ್‌ನ ಪಿಕಪ್ ಕೊಡುವ ಸಿಗ್ನಲ್ಲೂ ಹೆಚ್ಚು ಕಡಿಮೆ ಅಷ್ಟೇ ಅಲ್ವಾ! ಗೇನ್ ಏರಿಸಿದಾಗ ಟಿಕ್ ಜಾಸ್ತಿ ಆಗುವುದು ಇದಕ್ಕೇ.

ಇನ್ನೊಂದು ತಪ್ಪು 555ರದ್ದೇ. ಹಳೆಯ ಎನ್‌ಇ555 ಔಟ್‌ಪುಟ್ ಬದಲಿಸುವ ಹೊತ್ತಿನಲ್ಲಿ ಅದರ ಮೇಲಿನ ಮತ್ತು ಕೆಳಗಿನ ಟ್ರಾನ್ಸಿಸ್ಟರ್‌ಗಳು ಒಂದು ಕ್ಷಣ ಒಟ್ಟಿಗೇ ಆನ್ ಆಗಿರುತ್ತವೆ. ಆ ಕ್ಷಣದಲ್ಲಿ ಅದು ಸಪ್ಲೈನಿಂದ ನೂರಾರು ಮಿಲಿಆಂಪ್ ಎಳೆಯಬಲ್ಲದು. ಎಲ್‌ಇಡಿ ಕಿತ್ತು ಹಾಕಿದರೂ ಟಿಕ್ ಹೋಗದಿದ್ದರೆ ಹೆಚ್ಚಾಗಿ ಇದೇ ಕಾರಣ. 1972ರಲ್ಲಿ ಮಾರುಕಟ್ಟೆಗೆ ಬಂದ ಆ ಐಸಿ ಟೈಮರ್ ಆಗಿ ಇವತ್ತಿಗೂ ಒಳ್ಳೆಯದೇ. ಆದರೆ ಗಿಟಾರ್ ಪೆಡಲ್‌ನ ಡಬ್ಬಿಯೊಳಗೆ ಅದನ್ನು ಹಾಕಬೇಡಿ ಅಂತಲೇ ನಾನು ಹೇಳುವುದು. ಅದರ ಸಿಮಾಸ್ (ಕಡಿಮೆ ಕರೆಂಟ್ ಸಾಕಾಗುವ ಚಿಪ್ ಬಗೆ) ತಮ್ಮಂದಿರು ಇದ್ದಾರೆ: ಟಿಎಲ್‌ಸಿ555, ಎಲ್‌ಎಂಸಿ555, ಐಸಿಎಂ7555. ಪಿನ್‌ಗಳ ಜೋಡಣೆ ಅದೇ, ಸಾಕೆಟ್‌ನಿಂದ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು. ತಮ್ಮ ಕೆಲಸಕ್ಕೆ ಒಂದು ಮಿಲಿಆಂಪ್‌ಗೂ ಕಡಿಮೆ ಸಾಕು ಅವಕ್ಕೆ. ಆ ಕ್ಷಣದ ಎಳೆತವೂ ತುಂಬ ಕಡಿಮೆ.

ಏನನ್ನೂ ಬಿಚ್ಚುವ ಮೊದಲು ಟಿಕ್ ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಅಂತ ಪತ್ತೆ ಮಾಡಿ. ಹತ್ತು ನಿಮಿಷದ ಕೆಲಸ, ಆಮೇಲಿನ ಎಷ್ಟೋ ಪರದಾಟ ಉಳಿಯುತ್ತದೆ. ಗಿಟಾರ್ ಸಿಕ್ಕಿಸಿ, ಪೆಡಲ್ ಆನ್ ಮಾಡಿ, ಗಿಟಾರ್‌ನ ವಾಲ್ಯೂಮ್ ಪೂರ್ತಿ ಸೊನ್ನೆಗೆ ತಿರುಗಿಸಿ. ಹಾಗೆ ಮಾಡಿದಾಗ ಪೆಡಲ್‌ನ ಇನ್‌ಪುಟ್ ಗ್ರೌಂಡ್‌ಗೆ ಸೇರಿದ ಹಾಗೆ. ಟಿಕ್ ಮಾಯವಾದರೆ, ದೀಪದ ತಂತಿ ಇನ್‌ಪುಟ್ ತಂತಿಯ ಪಕ್ಕದಲ್ಲೇ ಹಾದು ಹೋಗಿ ಗಾಳಿಯಲ್ಲೇ ಸಿಗ್ನಲ್ ದಾಟಿಸುತ್ತಿದೆ ಅಂತ ಅರ್ಥ. ಒಣಗಿದ ಮರದ ಕಡ್ಡಿಯಿಂದ ಆ ತಂತಿಯನ್ನು ಅತ್ತಿತ್ತ ಸರಿಸಿ ನೋಡಿ, ಸದ್ದು ಏರುವುದು ಇಳಿಯುವುದು ಕೇಳಿಸುತ್ತದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಟಿಕ್ ಹಾಗೇ ಇದ್ದರೆ, ಅದು ಬರುತ್ತಿರುವುದು ಸಪ್ಲೈ ಅಥವಾ ಗ್ರೌಂಡ್ ಮೂಲಕ. ಖಚಿತ ಮಾಡಿಕೊಳ್ಳಲು 555 ಮತ್ತು ಎಲ್‌ಇಡಿಗೆ ಬೇರೆಯೇ ಒಂದು 9 ವೋಲ್ಟ್ ಬ್ಯಾಟರಿ ಕೊಡಿ. ಅದರ ಮೈನಸ್ಸನ್ನೂ ಪೆಡಲ್‌ಗೆ ಸೇರಿಸಬೇಡಿ. ಒಂದೂ ತಂತಿ ಹಂಚಿಕೊಳ್ಳದೆ ಇದ್ದಾಗ ಪೆಡಲ್ ಮೌನವಾದರೆ ಅಪರಾಧಿ ಸಿಕ್ಕಿದ ಹಾಗೇ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಈ ಎರಡನೆಯ ಜಾತಿ ಅಂತ ನನಗೆ ಅನ್ನಿಸುತ್ತದೆ.

ಈಗ ಡಿಸ್ಟಾರ್ಷನ್‌ಗೆ ನಾನು ಹಾಕುವ ಸರ್ಕ್ಯೂಟ್ ಹೇಳುತ್ತೇನೆ.

ಸಿಮಾಸ್ 555 ತೆಗೆದುಕೊಳ್ಳಿ. 1ನೇ ಪಿನ್ ಗ್ರೌಂಡ್, 8ನೇ ಪಿನ್ ಸಪ್ಲೈ, 4ನೇ ಪಿನ್ನನ್ನು 8ಕ್ಕೆ ಸೇರಿಸಿ. 5ನೇ ಪಿನ್‌ನಿಂದ ಗ್ರೌಂಡ್‌ಗೆ 10 ನ್ಯಾನೋಫ್ಯಾರಡ್. 2 ಮತ್ತು 6ನೇ ಪಿನ್‌ಗಳನ್ನು ಒಟ್ಟಿಗೆ ಸೇರಿಸಿ, ಅಲ್ಲಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 3ನೇ ಪಿನ್, ಅಂದರೆ ಔಟ್‌ಪುಟ್‌ನಿಂದ ಅದೇ ಜಾಗಕ್ಕೆ 33 ಕಿಲೋಓಮ್ ರೆಸಿಸ್ಟರ್. 7ನೇ ಪಿನ್ ಖಾಲಿ ಬಿಡಿ. ಇಷ್ಟೇ. ಇದು ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು ಓಡುತ್ತದೆ. ನಿಧಾನ ಬೇಕಾದರೆ ರೆಸಿಸ್ಟರ್ ದೊಡ್ಡದು ಮಾಡಿ.

7ನೇ ಪಿನ್ ಬಿಟ್ಟಿದ್ದು ಸುಮ್ನೆ ಅಲ್ಲ. ಪುಸ್ತಕದಲ್ಲಿ ಬರುವ ಮಾಮೂಲಿ ಜೋಡಣೆಯಲ್ಲಿ ಆ ಪಿನ್ ಪ್ರತಿ ಸುತ್ತಿನಲ್ಲೂ ಒಂದು ರೆಸಿಸ್ಟರನ್ನು ನೇರ ಗ್ರೌಂಡ್‌ಗೆ ಎಳೆಯುತ್ತದೆ. ಆ ರೆಸಿಸ್ಟರ್ 1 ಕಿಲೋಓಮ್ ಆಗಿದ್ದರೆ, ಎಲ್‌ಇಡಿ ಇಲ್ಲದಿದ್ದರೂ 9 ಮಿಲಿಆಂಪ್‌ನ ಹೊಡೆತ ಬೀಳುತ್ತದೆ. ಮೇಲೆ ಹೇಳಿದ ಜೋಡಣೆಯಲ್ಲಿ ಸಪ್ಲೈಗೆ ಕಾಣುವ ಜಿಗಿತ 0.2 ಮಿಲಿಆಂಪ್‌ಗೂ ಕಡಿಮೆ.

ಈಗ ಎಲ್‌ಇಡಿ. ಅದನ್ನು 3ನೇ ಪಿನ್‌ಗೆ ಹಾಕಬೇಡಿ! ಕೆಪಾಸಿಟರ್ ಇರುವ ಜಾಗದಿಂದ, ಅಂದರೆ 2 ಮತ್ತು 6 ಸೇರುವಲ್ಲಿಂದ ತೆಗೆದುಕೊಳ್ಳಿ. 555 ಕೆಲಸ ಮಾಡುವುದೇ ಸಪ್ಲೈನ ಮೂರನೇ ಒಂದು ಭಾಗ ಮತ್ತು ಮೂರನೇ ಎರಡು ಭಾಗದ ನಡುವೆ. ಹಾಗಾಗಿ ಆ ಕೆಪಾಸಿಟರ್ ಮೇಲೆ ವೋಲ್ಟೇಜ್ 3ರಿಂದ 6ಕ್ಕೆ ಮೆಲ್ಲಗೆ ಏರಿ ಮತ್ತೆ 3ಕ್ಕೆ ಮೆಲ್ಲಗೆ ಇಳಿಯುತ್ತಾ ಇರುತ್ತದೆ. ನಮಗೆ ಬೇಕಾದ ಏರಿಳಿತ ಬಿಟ್ಟಿಯಾಗಿ ಅಲ್ಲೇ ಕೂತಿದೆ. ಆದರೆ ಎಲ್‌ಇಡಿಯನ್ನು ನೇರ ಅಲ್ಲಿಗೆ ಜೋಡಿಸಿದರೆ ಅದು ಕೆಪಾಸಿಟರ್‌ನ ಕರೆಂಟನ್ನೆಲ್ಲ ಕುಡಿದು ಬಿಡುತ್ತದೆ, 555 ನಿಂತು ಹೋಗುತ್ತದೆ. ನಡುವೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ ಬೇಕು. ಬಿಸಿ547 ಆಗಬಹುದು, 2ಎನ್3904 ಆಗಬಹುದು. ಬೇಸ್ ಆ ಜಾಗಕ್ಕೆ, ಕಲೆಕ್ಟರ್ ಸಪ್ಲೈಗೆ, ಎಮಿಟರ್‌ನಿಂದ 2.2 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡ್‌ಗೆ. ಒಂದು ಎಚ್ಚರ: ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು ಕಾಲು ಕೆಳಗೆ ಮಾಡಿ ಹಿಡಿದರೆ, ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಬದಲು ಇನ್ನೊಂದು ಹಾಕುವಾಗ ತಿರುಗಿಸಿ ಹಾಕಬೇಕು.

ಇದರ ಲೆಕ್ಕ ಚೆಂದ ಕೂರುತ್ತದೆ. ಟ್ರಾನ್ಸಿಸ್ಟರ್ ಸುಮಾರು 0.6 ವೋಲ್ಟ್ ತಿನ್ನುತ್ತದೆ, ಕೆಂಪು ಎಲ್‌ಇಡಿ ಸುಮಾರು 1.8. ಕೆಪಾಸಿಟರ್ 6 ವೋಲ್ಟ್‌ನಲ್ಲಿದ್ದಾಗ ರೆಸಿಸ್ಟರ್ ಮೇಲೆ 3.6 ವೋಲ್ಟ್ ಉಳಿಯುತ್ತದೆ, ಅಂದರೆ 1.6 ಮಿಲಿಆಂಪ್. 3 ವೋಲ್ಟ್‌ಗೆ ಇಳಿದಾಗ 0.6 ವೋಲ್ಟ್, ಅಂದರೆ 0.3 ಮಿಲಿಆಂಪ್‌ಗೂ ಕಡಿಮೆ. ಹೆಚ್ಚು ಪ್ರಕಾಶದ ಎಲ್‌ಇಡಿ ತಂದಿದ್ದರೆ 1.6 ಮಿಲಿಆಂಪ್‌ಗೇ ಕಣ್ಣಿಗೆ ಚೆನ್ನಾಗಿ ಹೊಡೆಯುತ್ತದೆ. 10 ಮಿಲಿಆಂಪ್‌ನ ಕಾಲ ಯಾವತ್ತೋ ಹೋಯಿತು.

ದೀಪ ಪೂರ್ತಿ ಆರಬೇಕು ಅಂತಿದ್ದರೆ ಎಲ್‌ಇಡಿ ಜೊತೆ ಸಾಲಿನಲ್ಲಿ ಒಂದು 1ಎನ್4148 ಡಯೋಡ್ ಹಾಕಿ. ಅದು ಇನ್ನೊಂದು 0.6 ವೋಲ್ಟ್ ತಿಂದು, ಕೆಳಗಿನ ತುದಿಯಲ್ಲಿ ದೀಪವನ್ನು ಬಹುತೇಕ ಕತ್ತಲೆ ಮಾಡುತ್ತದೆ. ನೀಲಿ ಮತ್ತು ಬಿಳಿ ಎಲ್‌ಇಡಿಗಳಿಗೆ 3 ವೋಲ್ಟ್ ಆಸುಪಾಸು ಬೇಕು, ಅವು ಡಯೋಡ್ ಇಲ್ಲದೆಯೇ ಆರುತ್ತವೆ. ಆದರೆ ನನ್ನ ಸಲಹೆ ಕೇಳಿದರೆ, ಕೆಂಪು ದೀಪ ಇಟ್ಟು ಡಯೋಡ್ ಬಿಟ್ಟುಬಿಡಿ. ಪೆಡಲ್ ಮೇಲಿನ ದೀಪದ ಮೊದಲ ಕೆಲಸ ಆನ್ ಇದೆಯೋ ಆಫ್ ಇದೆಯೋ ಹೇಳುವುದು. ಹಾಡಿನ ಮಧ್ಯೆ ಕಾಲಿನಿಂದ ಒತ್ತಿ ಕೆಳಗೆ ನೋಡಿದಾಗ ದೀಪ ಕತ್ತಲೆಯ ಸರದಿಯಲ್ಲಿದ್ದರೆ, ಆನ್ ಆಗಲಿಲ್ಲ ಅಂದುಕೊಂಡು ಇನ್ನೊಂದು ಸಲ ಒತ್ತುತ್ತೀರಿ. ಆಗ ನಿಜಕ್ಕೂ ಆಫ್ ಆಗುತ್ತದೆ. ಮಂದವಾಗಿ ಉರಿಯುತ್ತಾ ಪ್ರಕಾಶ ಏರಿಳಿಯುವ ದೀಪಕ್ಕೆ ಈ ತೊಂದರೆ ಇಲ್ಲ.

ಕೊನೆಯದು ಸಪ್ಲೈ. ಪೆಡಲ್‌ನ 9 ವೋಲ್ಟ್‌ನಿಂದ ಈ ಭಾಗಕ್ಕೆ ಬರುವ ದಾರಿಯಲ್ಲಿ 470 ಓಮ್ ರೆಸಿಸ್ಟರ್ ಇಡಿ. ಅದರ ಆಚೆ, 555ರ ಪಕ್ಕದಲ್ಲೇ, ಗ್ರೌಂಡ್‌ಗೆ 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಜೊತೆಗೆ 8 ಮತ್ತು 1ನೇ ಪಿನ್‌ಗಳಿಗೆ ತಾಗಿದಂತೆ 100 ನ್ಯಾನೋಫ್ಯಾರಡ್ ಸೆರಾಮಿಕ್. ಚಿಕ್ಕ ಪುಟ್ಟ ಎಳೆತಗಳನ್ನೆಲ್ಲ ಇವೇ ಪೂರೈಸುತ್ತವೆ. ಆಡಿಯೋ ಭಾಗಕ್ಕೆ ಸುಮಾರು 0.1 ಸೆಕೆಂಡ್ ಹಿಡಿಯುವ ಮೆಲ್ಲನೆಯ ಬದಲಾವಣೆ ಮಾತ್ರ ಕಾಣುತ್ತದೆ. ಗ್ರೌಂಡ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಈ ಭಾಗದ ಗ್ರೌಂಡ್ ತಂತಿ ಬೇರೆಯೇ ಆಗಿ ನೇರ ಡಿಸಿ ಜ್ಯಾಕ್‌ನ ಮೈನಸ್‌ಗೆ ಹೋಗಬೇಕು. ಹತ್ತಿರ ಇದೆ ಅಂತ ಇನ್‌ಪುಟ್ ಜ್ಯಾಕ್‌ನ ಗ್ರೌಂಡ್‌ಗೆ ಬೆಸುಗೆ ಹಾಕಬೇಡಿ. ಮೇಲೆ ಹಾಕಿದ 1 ಮಿಲಿವೋಲ್ಟ್ ಲೆಕ್ಕ ಹುಟ್ಟುವುದೇ ಅಲ್ಲಿ.

ಫುಟ್‌ಸ್ವಿಚ್ 3ಪಿಡಿಟಿ (ಒಂದೇ ಒತ್ತಿಗೆ ಮೂರು ಸಾಲು ಬದಲಿಸುವುದು) ಇದ್ದರೆ ಎರಡು ಸಾಲು ಆಡಿಯೋಗೆ, ಮೂರನೆಯದು ದೀಪಕ್ಕೆ. ಎಲ್‌ಇಡಿಯ ಗಿಡ್ಡ ಕಾಲನ್ನು ಅದರ ಮೂಲಕ ಗ್ರೌಂಡ್‌ಗೆ ಕಳಿಸಿ. 555 ಮಾತ್ರ ಯಾವಾಗಲೂ ಓಡುತ್ತಿರಲಿ. ಇಡೀ 555ರ ಸಪ್ಲೈಯನ್ನೇ ಸ್ವಿಚ್‌ನಿಂದ ಕಡಿದರೆ, ಪ್ರತಿ ಸಲ ಒತ್ತಿದಾಗಲೂ 220 ಮೈಕ್ರೋಫ್ಯಾರಡ್ ಹೊಸದಾಗಿ ತುಂಬಬೇಕು. ಟೈಮಿಂಗ್ ಕೆಪಾಸಿಟರ್ ಸೊನ್ನೆಯಿಂದ ಏರಬೇಕಾದ್ದರಿಂದ ಮೊದಲ ಬೆಳಕೂ ತಡವಾಗಿ ಬರುತ್ತದೆ. 2.2 ಕಿಲೋಓಮ್ ರೆಸಿಸ್ಟರ್ ಎಲ್‌ಇಡಿಯ ಬುಡದಲ್ಲಿ ಇರುವುದು ಬೇಡ, ಬೋರ್ಡ್ ಮೇಲೆ ಇರಲಿ. ಆಗ ಡಬ್ಬಿಯ ಉದ್ದಕ್ಕೂ ಓಡಾಡುವ ತಂತಿಯಲ್ಲಿ ವೋಲ್ಟೇಜ್ ಬಹಳ ಬದಲಾಗುವುದಿಲ್ಲ. ದೀಪದ ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದು, ಇನ್‌ಪುಟ್ ತಂತಿಯಿಂದ ದೂರದ ಗೋಡೆಗೆ ಒತ್ತಿ ಒಯ್ಯಿರಿ.

ನಿಮಗೆ ಈ ಮೆಲ್ಲನೆಯ ಉಸಿರಾಟ ಬೇಡ, ಪಟ್ ಪಟ್ ಅಂತಲೇ ಮಿನುಗಬೇಕು ಅಂತಿದ್ದರೆ ಅದಕ್ಕೂ ದಾರಿ ಇದೆ. ಎಲ್‌ಇಡಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಬದಲು, ಕರೆಂಟ್ ಯಾವಾಗಲೂ ಹರಿಯಲಿ, ಆರಬೇಕಾದಾಗ ಎಲ್‌ಇಡಿಯ ಎರಡು ಕಾಲುಗಳನ್ನು ಟ್ರಾನ್ಸಿಸ್ಟರ್‌ನಿಂದ ಶಾರ್ಟ್ ಮಾಡಿ. 9 ವೋಲ್ಟ್‌ನಿಂದ 4.7 ಕಿಲೋಓಮ್ ಮೂಲಕ ಎಲ್‌ಇಡಿಗೆ, ಎಲ್‌ಇಡಿಯ ಉದ್ದ ಕಾಲಿಗೆ ಕಲೆಕ್ಟರ್, ಗಿಡ್ಡ ಕಾಲಿಗೆ ಎಮಿಟರ್, ಬೇಸ್‌ಗೆ 555ರ 3ನೇ ಪಿನ್‌ನಿಂದ 47 ಕಿಲೋಓಮ್. ಉರಿಯುವಾಗ 1.5 ಮಿಲಿಆಂಪ್, ಆರಿದಾಗ 1.9 ಮಿಲಿಆಂಪ್. ಬದಲಾವಣೆ 0.4 ಮಿಲಿಆಂಪ್ ಮಾತ್ರ. ದೀಪ ಆರಿದ್ದಾಗಲೂ ಬ್ಯಾಟರಿ ಖರ್ಚಾಗುತ್ತದೆ ಅನ್ನುವುದು ಇದರ ಬೆಲೆ. ಅಡಾಪ್ಟರ್‌ನಲ್ಲಿ ನಡೆಸುವವರಿಗೆ ಚಿಂತೆ ಇಲ್ಲ. ತನ್ನಷ್ಟಕ್ಕೇ ಮಿನುಗುವ, ಒಳಗೇ ಚಿಪ್ ಇರುವ ಎಲ್‌ಇಡಿಗಳೂ ಸಿಗುತ್ತವೆ. ಹಾಕುವುದು ತುಂಬ ಸುಲಭ. ಆದರೆ ಅವುಗಳ ಜಿಗಿತ ಚೂಪಾಗಿರುತ್ತದೆ, ವೇಗ ಬದಲಿಸಲೂ ಆಗುವುದಿಲ್ಲ. ಗೇನ್ ಜಾಸ್ತಿ ಇರುವ ಪೆಡಲ್‌ಗೆ ನಾನು ಹಾಕುವುದಿಲ್ಲ.

ಟ್ರೆಮೊಲೊ ಬಗ್ಗೆ ನಿಮ್ಮ ಯೋಚನೆ ನನಗೆ ಬಹಳ ಹಿಡಿಸಿತು. ಅಲ್ಲಿ ಮಿನುಗುವ ದೀಪಕ್ಕೆ ಅರ್ಥ ಇದೆ. ಒಂದು ತಂತಿ ಮೀಟುವ ಮೊದಲೇ ವೇಗ ಎಷ್ಟಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ, ಡ್ರಮ್ಮರ್ ಎಣಿಸುವಾಗಲೇ ನಾಬ್ ತಿರುಗಿಸಿ ತಾಳಕ್ಕೆ ಹೊಂದಿಸಬಹುದು. ಅಲ್ಲಿ ಬೇರೆ 555 ಬೇಡವೇ ಬೇಡ. ಪೆಡಲ್‌ನೊಳಗೆ ಈಗಾಗಲೇ ಒಂದು ಎಲ್‌ಎಫ್‌ಒ (ನಿಧಾನದ ಅಲೆ ಹುಟ್ಟಿಸುವ ಭಾಗ) ಏರಿಳಿಯುತ್ತಿದೆ, ಅದನ್ನೇ ತೋರಿಸಿದರಾಯಿತು.

ನಿಮ್ಮ ಎಲ್‌ಎಫ್‌ಒ ಟಿಎಲ್072ರಂಥ ಎರಡು ಆಪ್‌ಆಂಪ್ (ವರ್ಧಕ) ಇರುವ ಐಸಿಯಿಂದ ಮಾಡಿದ್ದಾದರೆ, ಔಟ್‌ಪುಟ್‌ಗಳು 1 ಮತ್ತು 7ನೇ ಪಿನ್. ಸಾಮಾನ್ಯವಾಗಿ ಒಂದರಲ್ಲಿ ಚೌಕ ಅಲೆ, ಇನ್ನೊಂದರಲ್ಲಿ ತ್ರಿಕೋನ ಅಲೆ. ಯಾವುದು ಯಾವುದರಲ್ಲಿ ಅಂತ ತಿಳಿಯಲು ಆಸಿಲೋಸ್ಕೋಪ್ ಬೇಕಿಲ್ಲ. ವೇಗದ ನಾಬ್ ಪೂರ್ತಿ ಇಳಿಸಿ, ಮಲ್ಟಿಮೀಟರ್‌ನ ಕಪ್ಪು ತಂತಿ ಗ್ರೌಂಡ್‌ಗೆ ಇಟ್ಟು ಕೆಂಪನ್ನು ಒಂದೊಂದೇ ಪಿನ್‌ಗೆ ಮುಟ್ಟಿಸಿ. ಅಂಕಿ ಒಂದೇ ಸಲ ಮೇಲೆ ಕೆಳಗೆ ನೆಗೆದರೆ ಅದು ಚೌಕ. ಅಂಕಿ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿದರೆ ಅದೇ ತ್ರಿಕೋನ, ನಿಮಗೆ ಬೇಕಾದ್ದು. ಅಲ್ಲಿಗೆ ಮೇಲೆ ಹೇಳಿದ ಅದೇ ಟ್ರಾನ್ಸಿಸ್ಟರ್, ಅದೇ 2.2 ಕಿಲೋಓಮ್, ಅದೇ ಎಲ್‌ಇಡಿ. ಬೇಸ್‌ಗೆ ಮುಂಚೆ 10 ಕಿಲೋಓಮ್ ರೆಸಿಸ್ಟರ್ ಒಂದು ಇರಲಿ. ಮೀಟರ್‌ನಲ್ಲಿ ಕಂಡ ಕೆಳಗಿನ ಅಂಕಿ ಮತ್ತು ಮೇಲಿನ ಅಂಕಿ ಬರೆದುಕೊಳ್ಳಿ. ಕೆಳಗಿನದು 3 ವೋಲ್ಟ್‌ಗಿಂತ ಬಹಳ ಮೇಲಿದ್ದರೆ ದೀಪದ ಏರಿಳಿತ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಆಗ 1ಎನ್4148 ಡಯೋಡ್ ಒಂದೋ ಎರಡೋ ಸಾಲಿನಲ್ಲಿ ಸೇರಿಸಿ. ಇಲ್ಲಿ ಡಯೋಡ್‌ಗೆ ಕೆಲಸವಿದೆ.

ಟ್ರೆಮೊಲೊದಲ್ಲೇ ಮೊದಲಿನಿಂದ ಒಂದು ಟಿಕ್ ಇದ್ದರೆ, ಅದು ಆ ಚೌಕ ಅಲೆಯದ್ದು. ಟಿಎಲ್072 ತೆಗೆದು ಟಿಎಲ್062 ಕೂರಿಸಿ ನೋಡಿ. ಪಿನ್‌ಗಳು ಅವೇ. ಒಂದೊಂದು ಆಪ್‌ಆಂಪ್‌ಗೆ 1.4 ಮಿಲಿಆಂಪ್ ಬದಲು 0.2 ಮಿಲಿಆಂಪ್ ಸಾಕಾಗುತ್ತದೆ, ಟಿಕ್ ಎಷ್ಟೋ ಇಳಿಯುತ್ತದೆ. ಆಡಿಯೋ ಹಾದು ಹೋಗುವ ಆಪ್‌ಆಂಪನ್ನು ಮುಟ್ಟಬೇಡಿ, ಎಲ್‌ಎಫ್‌ಒದಲ್ಲಿ ಇರುವುದನ್ನು ಮಾತ್ರ ಬದಲಿಸಿ.

ನಿಮ್ಮದು ಒಂದೇ ಟ್ರಾನ್ಸಿಸ್ಟರ್‌ನ ಎಲ್‌ಎಫ್‌ಒ ಆದರೆ ಸ್ವಲ್ಪ ನಾಜೂಕು ಬೇಕು. ಅದು ಬಹಳ ಕಡಿಮೆ ಕರೆಂಟ್‌ನಲ್ಲಿ ಓಡುತ್ತದೆ, ಮಾಮೂಲಿ ಟ್ರಾನ್ಸಿಸ್ಟರ್‌ನ ಬೇಸ್ ತಾಗಿಸಿದರೂ ವೇಗ ಬದಲಾಗಬಹುದು ಅಥವಾ ಅಲೆಯೇ ನಿಂತು ಹೋಗಬಹುದು. ಅಲ್ಲಿ ಎಂಪಿಎಸ್‌ಎ13ರಂಥ ಡಾರ್ಲಿಂಗ್ಟನ್ (ಒಂದೇ ಕವಚದಲ್ಲಿ ಜೋಡಿಸಿದ ಎರಡು ಟ್ರಾನ್ಸಿಸ್ಟರ್) ಹಾಕಿ. ಅದರ ಬೇಸ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಅದು 0.6ರ ಬದಲು 1.2 ವೋಲ್ಟ್‌ಗಿಂತ ತುಸು ಜಾಸ್ತಿ ತಿನ್ನುತ್ತದೆ, ಹಾಗಾಗಿ ಡಯೋಡ್ ಬೇಕಾಗುವುದಿಲ್ಲ.

ಎಲ್‌ಇಡಿ ಮತ್ತು ಎಲ್‌ಡಿಆರ್ (ಬೆಳಕು ಬಿದ್ದರೆ ತಡೆ ಇಳಿಯುವ ರೆಸಿಸ್ಟರ್) ಜೋಡಿಯಿಂದ ಮಾಡಿದ ಟ್ರೆಮೊಲೊ ಆದರಂತೂ ಇನ್ನೂ ಸುಲಭ. ಒಳಗಿನ ಎಲ್‌ಇಡಿಯ ಸಾಲಿನಲ್ಲೇ ಹೊರಗಿನ ದೀಪವನ್ನೂ ಸೇರಿಸಿ, ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಹೊಸ ದೀಪ 2 ವೋಲ್ಟ್ ತಿನ್ನುವುದರಿಂದ ಆ ಸಾಲಿನ ರೆಸಿಸ್ಟರ್ ಸ್ವಲ್ಪ ಇಳಿಸಬೇಕು, ಇಲ್ಲದಿದ್ದರೆ ಟ್ರೆಮೊಲೊ ಆಳ ಕಡಿಮೆಯಾಗುತ್ತದೆ. ಎಲ್‌ಡಿಆರ್ ಇರುವ ಪೆಡಲ್‌ನಲ್ಲಿ ಯಾವ ದೀಪ ಹಾಕಿದರೂ ಇನ್ನೊಂದು ವಿಷಯ ನೆನಪಿಡಿ. ಹೊರಗಿನ ಎಲ್‌ಇಡಿಯ ಬೆಳಕು ಹಿಂಬದಿಯಿಂದ ಡಬ್ಬಿಯ ಒಳಗೂ ಬೀಳುತ್ತದೆ. ಎಲ್‌ಡಿಆರ್ ಅದನ್ನೂ ನೋಡುತ್ತದೆ. ಎಲ್‌ಇಡಿಯ ಹಿಂಭಾಗಕ್ಕೂ ಎಲ್‌ಡಿಆರ್ ಜೋಡಿಗೂ ಕಪ್ಪು ಹೀಟ್‌ಶ್ರಿಂಕ್ ಸುತ್ತಿ. ಮುಚ್ಚಳ ತೆಗೆದಾಗ ಒಂಥರಾ, ಹಾಕಿದಾಗ ಇನ್ನೊಂಥರಾ ಕೇಳಿಸುತ್ತಿದ್ದರೆ ಬೆಳಕು ಎಲ್ಲೋ ನುಗ್ಗುತ್ತಿದೆ ಅಂತಲೇ ತಿಳಿಯಿರಿ.

ಟ್ರೆಮೊಲೊ ದೀಪವನ್ನು ಫುಟ್‌ಸ್ವಿಚ್‌ಗೆ ಸೇರಿಸದೆ ಯಾವಾಗಲೂ ಮಿನುಗಲು ಬಿಡುವುದು ನನಗೆ ಇಷ್ಟ, ಪೆಡಲ್ ಆಫ್ ಇದ್ದಾಗಲೇ ವೇಗ ಹೊಂದಿಸಿಕೊಳ್ಳಬಹುದು. ಆನ್ ಆಗಿದೆ ಅಂತ ಹೇಳಲು ಬೇರೆ ಬಣ್ಣದ ಇನ್ನೊಂದು ಎಲ್‌ಇಡಿ, 4.7 ಕಿಲೋಓಮ್ ರೆಸಿಸ್ಟರ್ ಜೊತೆ, ಮಿನುಗದೆ ಉರಿಯಲಿ.

ಎರಡೂ ಪೆಡಲ್‌ಗಳನ್ನು ಒಂದೇ ಅಡಾಪ್ಟರ್‌ನಿಂದ ಕವಲು ತಂತಿಯಲ್ಲಿ ನಡೆಸುತ್ತಿದ್ದರೆ, ಕೆಲಸ ಮುಗಿದ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಿ. ಟ್ರೆಮೊಲೊ ಆಫ್ ಇಟ್ಟು, ಡಿಸ್ಟಾರ್ಷನ್ ಪೂರ್ತಿ ಗೇನ್‌ನಲ್ಲಿ ಆನ್ ಮಾಡಿ, ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ ಕೇಳಿ. ಒಂದು ಪೆಡಲ್‌ನ ದೀಪ ಇನ್ನೊಂದು ಪೆಡಲ್‌ನಲ್ಲಿ ಟಿಕ್ ಅನ್ನುವುದು ಈ ಕವಲು ತಂತಿಯಲ್ಲಿ ಮಾಮೂಲು. ಹಾಗೇನಾದರೂ ಕೇಳಿಸಿದರೆ ಟ್ರೆಮೊಲೊದ ಎಲ್‌ಎಫ್‌ಒ ಮತ್ತು ದೀಪದ ಸಪ್ಲೈಗೂ ಅದೇ ತರಹ ರೆಸಿಸ್ಟರ್ ಮತ್ತು 220 ಮೈಕ್ರೋಫ್ಯಾರಡ್ ಹಾಕಿ. ಅಲ್ಲಿ ಆಪ್‌ಆಂಪ್‌ಗೂ ಕರೆಂಟ್ ಬೇಕಿರುವುದರಿಂದ 470ರ ಬದಲು 100 ಓಮ್ ಸಾಕು.